ಸಹಬರವಣಿಗೆಯ ತಾಣಗಳಿಗೆ ಗಣಿತದ ಕಾವಲು

ಒಂದೇ ಪುಟ, ಇಬ್ಬರ ಕೈ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಹಲವರು ಸೇರಿ ಬರೆಯುವ ಇಂಥ ಯಾವ ತಾಣಕ್ಕೂ ತಪ್ಪದ ತೊಡಕೊಂದಿದೆ. ಆಲೂರು ತಾಲ್ಲೂಕಿನ ಮಗ್ಗೆಯ ಬಗ್ಗೆ ಒಂದು ಪುಟವಿದೆ ಎಂದಿಟ್ಟುಕೊಳ್ಳಿ. ಊರಿನವರೊಬ್ಬರು ಅದನ್ನು ತೆರೆದು ಕಾಫಿ, ಕಾಳುಮೆಣಸಿನ ವಿವರ ಸೇರಿಸುತ್ತಿರುವಾಗ ನೆಟ್‌ವರ್ಕ್ ಹೋಗುತ್ತದೆ. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಇನ್ನೊಬ್ಬರು ಅದೇ ಪ್ಯಾರಾ ತಿದ್ದಿ ಉಳಿಸಿರುತ್ತಾರೆ. ನೆಟ್‌ವರ್ಕ್ ಮರಳಿ ಊರಿನವರ ಬರಹ ತಾಣ ತಲುಪಿದಾಗ ಬೆಂಗಳೂರಿನವರದು ಸದ್ದಿಲ್ಲದೆ ಅಳಿಸಿಹೋಗಬಹುದು. ವಿಕಿಪೀಡಿಯ ಇಂಥಲ್ಲಿ ಸಂಪಾದನಾ ಸಂಘರ್ಷವೆಂದು ಎಚ್ಚರಿಸುತ್ತದೆ; ಎಲ್ಲ ತಾಣಗಳೂ ಅಷ್ಟು ಜಾಗರೂಕವಲ್ಲ.

ಫಾರ್ಮಲ್ ಮೆಥಡ್ಸ್ ಮಾಡುವ ಕೆಲಸ

ತಾಣದ ನಡವಳಿಕೆಯನ್ನು ಕೋಡ್ ಬರೆಯುವ ಮೊದಲೇ ಗಣಿತದ ಭಾಷೆಯಲ್ಲಿ ಬರೆದು, ‘ಒಬ್ಬರ ಬರಹ ಸದ್ದಿಲ್ಲದೆ ಅಳಿಯಬಾರದು’ ಎಂಬಂಥ ನಿಯಮ ಎಲ್ಲಾದರೂ ಮುರಿಯುತ್ತದೆಯೇ ಎಂದು ಯಂತ್ರದಿಂದ ಪರೀಕ್ಷಿಸುವುದೇ ಫಾರ್ಮಲ್ ಮೆಥಡ್ಸ್ ಎಂಬ ವಿಧಾನ. ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ ಪ್ಲಸ್, ಡೇನಿಯಲ್ ಜ್ಯಾಕ್ಸನ್ ಅವರ ಅಲಾಯ್ ಇದಕ್ಕೆ ಹೆಸರಾದ ಸಾಧನಗಳು.

ತೆರೆಯುವುದು, ತಿದ್ದುವುದು, ಉಳಿಸುವುದು ಎಂದು ಒಬ್ಬರಿಗೆ ಮೂರು ಹೆಜ್ಜೆ. ಇಬ್ಬರಿದ್ದರೆ ಈ ಹೆಜ್ಜೆಗಳು 20 ಬಗೆಯಲ್ಲಿ ಹೆಣೆದುಕೊಳ್ಳಬಹುದು. ಮೂವರಾದರೆ 1,680, ನಾಲ್ವರಾದರೆ 3,69,600. ಕೈಯಾರೆ ಪರೀಕ್ಷಿಸುವವರು ಇಷ್ಟನ್ನೂ ಮುಟ್ಟಲಾರರು. ಯಂತ್ರ ಒಂದನ್ನೂ ಬಿಡುವುದಿಲ್ಲ.

ಪುಟಕ್ಕೆ ಆವೃತ್ತಿ ಸಂಖ್ಯೆ ಕೊಟ್ಟು, ಉಳಿಸುವಾಗ ಅದು ಬದಲಾಗಿದೆಯೇ ಎಂದು ನೋಡಿದರೆ ಸಾಕು ಅನ್ನಿಸುತ್ತದೆ. ಸಾಲದು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಕ್ಷಣದ ಬಿಡುವಿದ್ದರೂ ಇಬ್ಬರೂ ಒಟ್ಟಿಗೆ ನೋಡಿ, ಒಬ್ಬರ ಹಿಂದೊಬ್ಬರು ಬರೆದುಬಿಡಬಹುದು. ಎರಡೂ ಬಿಡಿಸಲಾಗದ ಒಂದೇ ಹೆಜ್ಜೆಯಾಗಬೇಕು. ಗಣಿತದಲ್ಲಿ ಬರೆದ ಮಾದರಿ ತೋರಿಸಿಕೊಡುವುದು ಇಂಥ ಸಂದುಗಳನ್ನೇ.

ಪರಿಣತರೂ ಎಡವಿದ ಜಾಗ

ಏಕಕಾಲದಲ್ಲಿ ಹಲವರು ಟೈಪ್ ಮಾಡುವ ತಂತ್ರವನ್ನು ಎಲ್ಲಿಸ್ ಮತ್ತು ಗಿಬ್ಸ್ 1989ರಲ್ಲಿ ಪ್ರಕಟಿಸಿದರು. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ರಮೇಯ ಸಾಧಿಸುವ ತಂತ್ರಾಂಶದಿಂದ ಪರೀಕ್ಷಿಸಿದಾಗ, ಈ ಬಗೆಯ ಹಲವು ಸೂತ್ರಗಳಲ್ಲಿ ಒಬ್ಬೊಬ್ಬರ ಬಳಿಯ ಪ್ರತಿಗಳು ಬೇರೆಬೇರೆಯಾಗಿ ಉಳಿಯುವ ಸಂದರ್ಭಗಳು ಹೊರಬಿದ್ದವು. ಅಮೆಜಾನ್ ಎಂಜಿನಿಯರುಗಳು ಟಿಎಲ್‌ಎ ಪ್ಲಸ್ ಬಳಸಿ ಸೂಕ್ಷ್ಮ ದೋಷಗಳನ್ನು ಹಿಡಿದ ಅನುಭವವನ್ನು 2015ರಲ್ಲಿ ಬರೆದಿದ್ದಾರೆ.

ಕನ್ನಡದ ಅಕ್ಷರಕ್ಕೆ ಬೇರೆ ನಿಯಮ ಬೇಕು

ನಮ್ಮ ಪಾಲಿಗೆ ಮುಖ್ಯವಾದದ್ದು ಇಲ್ಲಿದೆ. ‘ಮಗ್ಗೆ’ ಕಣ್ಣಿಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಮ, ಗ, ಹಲಂತ ಚಿಹ್ನೆ, ಗ, ಎತ್ವ ಎಂದು ಐದು ಸಂಕೇತ. ಒಬ್ಬರು ‘ಗ್ಗೆ’ಯನ್ನು ಅಳಿಸುವಾಗಲೇ ಇನ್ನೊಬ್ಬರು ಎತ್ವ ತೆಗೆದು ಏತ್ವ ಹಾಕಿದರೆ, ಸಂಕೇತಗಳನ್ನು ಬಿಡಿಬಿಡಿಯಾಗಿ ಬೆಸೆಯುವ ತಾಣದಲ್ಲಿ ಉಳಿಯುವುದು ‘ಮೇ’. ಎಲ್ಲ ಪ್ರತಿಗಳೂ ಒಂದೇ ಆಗಿವೆ, ಗಣಿತದ ನಿಯಮ ಪಾಸಾಗಿದೆ. ಆದರೆ ಈ ಪದವನ್ನು ಇಬ್ಬರೂ ಬರೆದಿಲ್ಲ.

ಯಂತ್ರ ಪರೀಕ್ಷಿಸುವುದು ನಾವು ಬರೆದುಕೊಟ್ಟ ನಿಯಮವನ್ನಷ್ಟೇ. ಅದೂ ಮಾದರಿಯ ಮೇಲೆ. ಕೋಡ್‌ನಲ್ಲಿ ನುಸುಳುವ ತಪ್ಪಿಗೆ ಬೇರೆ ಪರೀಕ್ಷೆ ಬೇಕು. ಒಡೆಯಬಾರದ ಘಟಕ ಸಂಕೇತವಲ್ಲ, ಇಡೀ ಅಕ್ಷರ ಎಂಬ ನಿಯಮವನ್ನು ಕನ್ನಡ ಬಲ್ಲವರೇ ಮೊದಲು ಬರೆದಿಡಬೇಕು. ಕನ್ನಡಕ್ಕಾಗಿ ಸಹಬರವಣಿಗೆಯ ತಾಣ ಕಟ್ಟುವವರು ಕೆಲಸವನ್ನು ಅಲ್ಲಿಂದಲೇ ಆರಂಭಿಸಲಿ. ಟಿಎಲ್‌ಎ ಪ್ಲಸ್, ಅಲಾಯ್ ಎರಡೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳು.