ಹಳೆಯ ಯುಪಿಎಸ್: ರಿಪೇರಿಯೋ, ಹೊಸದೋ?

ಕರೆಂಟ್ ಹೋಗಿ ಕಾಲು ಗಂಟೆಯೊಳಗೆ ಯುಪಿಎಸ್ ಬೀಪ್ ಬೀಪ್ ಎಂದು ಆಫ್ ಆದರೆ ‘ಯುಪಿಎಸ್ ಹೋಯ್ತು’ ಎನ್ನುತ್ತೇವೆ. ಹೋಗಿರುವುದು ಬಹುಮಟ್ಟಿಗೆ ಪಕ್ಕದ ಬ್ಯಾಟರಿ. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡುವುದೂ ಕರೆಂಟ್ ಬಂದಾಗ ಅದನ್ನು ಚಾರ್ಜ್ ಮಾಡುವುದೂ ಇನ್ವರ್ಟರ್ ಡಬ್ಬದ ಕೆಲಸ. ಟ್ಯೂಬುಲರ್ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸೋಲತೊಡಗುತ್ತದೆ. ಡಬ್ಬ ಹತ್ತು ವರ್ಷ ದಾಟುವುದು ಅಪರೂಪವೇನಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವ ಮೊದಲು ಯಾವುದು ಕೆಟ್ಟಿದೆ ಎಂದು ನೋಡಬೇಕು.

ಬ್ಯಾಟರಿಯ ಪರೀಕ್ಷೆ

ಟರ್ಮಿನಲ್ ಮೇಲೆ ಬೂಷ್ಟಿನಂತೆ ಕಟ್ಟಿದ ಹಸಿರು-ಬಿಳಿ ಪುಡಿಯೇ ಕೆಲವೊಮ್ಮೆ ಎಲ್ಲ ಕಾಟಕ್ಕೂ ಕಾರಣ. ಯುಪಿಎಸ್ ಆಫ್ ಮಾಡಿ, ಮುಚ್ಚಳಗಳು ಬಿಗಿಯಾಗಿವೆಯೇ ನೋಡಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಒರೆಸಿ. ಸೋಡಾ ಒಳಗಿಳಿದರೆ ಆಸಿಡ್ಡೇ ಕೆಡುತ್ತದೆ. ಒಣಗಿದ ಮೇಲೆ ವ್ಯಾಸಲಿನ್ ಸವರಿ.

ನಿಜವಾದ ತೀರ್ಪು ಹೈಡ್ರೋಮೀಟರ್‌ನದು. 12 ವೋಲ್ಟ್ ಬ್ಯಾಟರಿಯಲ್ಲಿ ಸಾಲಾಗಿ ಆರು ಸೆಲ್. ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಚಾರ್ಜ್ ಆದ ನಂತರ ಅಳೆದರೆ ಪ್ರತಿ ಸೆಲ್ಲಿನ ಆಸಿಡ್ ಸಾಂದ್ರತೆ 1.240ರ ಆಸುಪಾಸು ಇರಬೇಕು. ಆರೂ ಒಂದೇ ಸಮ ಇಳಿದಿದ್ದರೆ ನಿಧಾನವಾಗಿ ಚಾರ್ಜ್ ಕೊಟ್ಟು ನೋಡಬಹುದು. ಐದು ಸರಿಯಿದ್ದು ಒಂದೇ 1.100ಕ್ಕೆ ಕುಸಿದಿದ್ದರೆ ಆ ಸೆಲ್ ಸತ್ತಂತೆ. ಉಳಿದ ಐದನ್ನೂ ಅದು ಎಳೆದು ಕೂರಿಸುತ್ತದೆ. ‘ಆಸಿಡ್ ಬದಲಿಸಿ ಕೊಡ್ತೀವಿ’ ಎನ್ನುವವರಿಗೆ ದುಡ್ಡು ಕೊಡಬೇಡಿ. ಮೀಟರಿನ ರೀಡಿಂಗ್ ಮೇಲೇರುತ್ತದೆ, ನಿಜ. ಪ್ಲೇಟಿಗೆ ಗಟ್ಟಿಯಾಗಿ ಅಂಟಿದ ಸೀಸದ ಸಲ್ಫೇಟ್ ಎಲ್ಲಿಗೂ ಹೋಗಿರುವುದಿಲ್ಲ.

24 ವೋಲ್ಟಿನ ಯುಪಿಎಸ್‌ಗೆ ಎರಡು ಬ್ಯಾಟರಿ. ಒಂದು ಹಳತು, ಒಂದು ಹೊಸತು ಜೋಡಿಸಿದರೆ ಹೊಸದೂ ಬೇಗ ಹಾಳು.

ಡಬ್ಬ ಕೆಟ್ಟಿದ್ದರೆ

ಫ್ಯೂಸ್, ರಿಲೇ, ಫ್ಯಾನ್ ಸಣ್ಣ ಖರ್ಚು. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯಲ್ಲಿ ಮಾಸ್ಫೆಟ್ ಸುಟ್ಟರೂ ಊರಿನ ಮೆಕ್ಯಾನಿಕ್ಕೇ ಸರಿಮಾಡುತ್ತಾರೆ. ಟ್ರಾನ್ಸ್‌ಫಾರ್ಮರ್ ಅಥವಾ ಇಡೀ ಬೋರ್ಡ್ ಹೋಗಿದ್ದರೆ ಹೊಸದೇ ಲೇಸು. ಸೀಲಿಂಗ್ ಫ್ಯಾನನ್ನು ಗುಂಯ್‌ಗುಡಿಸುವ ಸ್ಕ್ವೇರ್ ವೇವ್ ಡಬ್ಬವಾದರಂತೂ ನಾನು ರಿಪೇರಿಯ ಮಾತೇ ಎತ್ತುವುದಿಲ್ಲ.

ಜನ ಮರೆಯುವುದು ಚಾರ್ಜಿಂಗ್ ದೋಷವನ್ನು. ನೀರು ತಿಂಗಳೊಳಗೆ ಇಂಗುತ್ತಿದ್ದರೆ, ಬ್ಯಾಟರಿ ಬಿಸಿಯಾಗಿ ಕುದಿಯುತ್ತಿದ್ದರೆ, ಚಾರ್ಜ್ ತುಂಬಿದ ಮೇಲೂ ವೋಲ್ಟೇಜ್ 13.8ರ ಆಸುಪಾಸಿಗೆ ಇಳಿಯದೆ ಮೇಲೇ ನಿಂತಿದೆಯೇ ಎಂದು ಮಲ್ಟಿಮೀಟರ್ ಹಿಡಿಯಿರಿ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಕೂರಿಸಿದರೆ ಅದಕ್ಕೂ ಅದೇ ಗತಿ.

ಲಿಥಿಯಂಗೆ ಹೋಗಬೇಕೆ?

ನೀರಿನ ಕಾಟವಿಲ್ಲ, ಬಾಳಿಕೆ ಹೆಚ್ಚು. ಆದರೆ ಸೀಸದ ಬ್ಯಾಟರಿಗಾಗಿ ಮಾಡಿದ ಹಳೆಯ ಇನ್ವರ್ಟರಿನ ಚಾರ್ಜಿಂಗ್ ಕ್ರಮ ಅದಕ್ಕೆ ಹೊಂದದಿರಬಹುದು. ಲಿಥಿಯಂ ಸೆಟ್ಟಿಂಗ್ ಇಲ್ಲದಿದ್ದರೆ ಡಬ್ಬವೂ ಬದಲಾಗಬೇಕು. ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಹಳೆಯ ಬ್ಯಾಟರಿ

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮನೆಕಸಕ್ಕೆ ಸೇರುವಂತಿಲ್ಲ. ಆಸಿಡ್ಡನ್ನು ಮೋರಿಗೆ ಚೆಲ್ಲದೆ ಇಡಿಯಾಗಿ ಅಂಗಡಿಗೇ ಕೊಡಿ. ಒಳಗಿನ ಸೀಸಕ್ಕೆ ಬೆಲೆಯಿದೆ, ಹೊಸದರ ದರದಲ್ಲಿ ಅಷ್ಟು ಮುರಿದುಕೊಳ್ಳುತ್ತಾರೆ. ರಿಪೇರಿ ಖರ್ಚಿಗೆ ಹೋಲಿಸಬೇಕಾದ್ದು ಹೀಗೆ ಮುರಿದು ಉಳಿದ ದರವನ್ನು.