ಜರ್ಮನಿಯ ವೃಂದನಾಯಕ ಫುರ್ಟ್‌ವೆಂಗ್ಲರ್

ನಮ್ಮ ಕಚೇರಿಗಳಲ್ಲಿ ಹಾಡುವವರೇ ತಾಳ ಹಾಕುತ್ತಾರೆ. ಪಿಟೀಲಿನವರೂ ಮೃದಂಗದವರೂ ಅವರ ಕಣ್ಸನ್ನೆಯನ್ನರಿತು ಅನುಸರಿಸುತ್ತಾರೆ. ಆದುದರಿಂದ ನೂರು ಮಂದಿ ವಾದಕರ ಮುಂದೆ ಸಣ್ಣ ಕೋಲೊಂದನ್ನು ಹಿಡಿದು ನಿಂತು, ತಾನು ಒಂದು ಸ್ವರವನ್ನೂ ನುಡಿಸದಿರುವ ಮನುಷ್ಯನಿಗೆ ಪಾಶ್ಚಾತ್ಯರು ಅಷ್ಟೊಂದು ಗೌರವ ಸಲ್ಲಿಸುವುದೇಕೆ ಎಂಬುದು ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಸಂಜೆ ಕುಳಿತು ಸಂಗೀತ ಕೇಳುವ ನಮಗೆ ಸುಲಭವಾಗಿ ತಿಳಿಯುವುದಿಲ್ಲ. ಆದರೂ ಅಂಥ ಜರ್ಮನ್ ವೃಂದನಾಯಕನೊಬ್ಬನ ಚರಿತ್ರೆಯಲ್ಲಿ ನಮ್ಮ ಮೈಸೂರಿನ ಹೆಸರು ಸೇರಿಕೊಂಡಿದೆ. ಆತನೇ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್.

ಈತನು 1886ನೆಯ ಇಸವಿ ಜನವರಿ 25ರಂದು ಬರ್ಲಿನ್ನಿನಲ್ಲಿ ಹುಟ್ಟಿದನು. ತಂದೆ ಪುರಾತತ್ತ್ವಜ್ಞ, ತಾಯಿ ಚಿತ್ರ ಬರೆಯುತ್ತಿದ್ದವಳು. ಬೆಳೆದುದು ಮ್ಯೂನಿಕ್ಕಿನಲ್ಲಿ. ಅಲ್ಲಿಯೇ 1906ರಲ್ಲಿ, ಇಪ್ಪತ್ತು ವರ್ಷದ ತರುಣನಾಗಿದ್ದಾಗ, ಮೊದಲ ಸಲ ವಾದ್ಯವೃಂದವೊಂದನ್ನು ನಡೆಸಿದನು. 1922ರಲ್ಲಿ ಆರ್ಥರ್ ನಿಕಿಶ್ ತೀರಿಕೊಂಡ ಮೇಲೆ ಬರ್ಲಿನ್ ಮತ್ತು ಲೈಪ್‌ಜಿಗ್ ನಗರಗಳ ಎರಡು ಹಿರಿಯ ವೃಂದಗಳೂ ಈತನ ಕೈಗೆ ಬಂದುವು. ಬರೆದಿಟ್ಟ ಸ್ವರಗಳನ್ನು ಎಣಿಸಿ ಒಪ್ಪಿಸುವುದು ಈತನ ರೀತಿಯಲ್ಲ. ಲಯವನ್ನು ಎಳೆದು, ಬಿಟ್ಟು, ಕೃತಿಯು ಆ ಕ್ಷಣದಲ್ಲಿಯೇ ಹುಟ್ಟುತ್ತಿದೆಯೆಂಬಂತೆ ನುಡಿಸುತ್ತಿದ್ದನು. ಮನೋಧರ್ಮವನ್ನು ಬಲ್ಲ ನಮ್ಮ ರಸಿಕರಿಗೆ ಇದು ಅಪರಿಚಿತವಾದ ಗುಣವಲ್ಲ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯ ಸಂಗೀತಗಾರರು ಒಬ್ಬೊಬ್ಬರಾಗಿ ಹೊರದೂಡಲ್ಪಟ್ಟರು. ಆಗ ಫುರ್ಟ್‌ವೆಂಗ್ಲರನು ಸಚಿವ ಗೋಬೆಲ್ಸನಿಗೆ ಬಹಿರಂಗಪತ್ರ ಬರೆದು, ಒಳ್ಳೆಯ ಕಲೆ ಕೆಟ್ಟ ಕಲೆಯೆಂಬುದಲ್ಲದೆ ಬೇರೆ ಭೇದವನ್ನು ತಾನು ಒಪ್ಪೆನೆಂದು ವಾದಿಸಿದನು. ಪತ್ರವು ಕಲಾವಿದರ ಪರವಾಗಿತ್ತೇ ಹೊರತು ಯೆಹೂದ್ಯರೆಲ್ಲರ ಪರವಾಗಿರಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಮರುವರ್ಷ ಹಿಂಡೆಮಿತ್ ಎಂಬ ರಚನಕಾರನನ್ನು ಸರ್ಕಾರ ದೂರವಿಟ್ಟಾಗ ಪತ್ರಿಕೆಯಲ್ಲಿ ಆತನ ಪರವಾಗಿ ಲೇಖನ ಬರೆದನು. ಡಿಸೆಂಬರಿನಲ್ಲಿ ತನ್ನ ಸ್ಥಾನಗಳನ್ನೆಲ್ಲ ಬಿಟ್ಟನು. ಆದರೆ ದೇಶವನ್ನು ಬಿಡಲಿಲ್ಲ. ತಾನು ಬರೆದುದು ಸಂಗೀತಗಾರನಾಗಿ ಮಾತ್ರವೆಂದು ಹೇಳಿಕೆ ಕೊಟ್ಟು, 1935ರ ಏಪ್ರಿಲಿನಲ್ಲಿ ಮತ್ತೆ ವೃಂದದ ಮುಂದೆ ನಿಂತನು.

ಪಕ್ಷದ ಸದಸ್ಯನಾಗಲಿಲ್ಲವೆಂಬುದೂ, ಹಲವು ಯೆಹೂದ್ಯರಿಗೆ ನೆರವಾದನೆಂಬುದೂ ನಿಜ. ಆದರೆ 1942ನೆಯ ಇಸವಿ ಏಪ್ರಿಲ್ 19ರಂದು, ಹಿಟ್ಲರನ ಹುಟ್ಟುಹಬ್ಬದ ಹಿಂದಿನ ಸಂಜೆ, ಮಾನವರ ಸೋದರಭಾವವನ್ನು ಸಾರುವ ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ನಡೆಸಿದವನೂ ಈತನೇ. ಕೊನೆಯಲ್ಲಿ ಗೋಬೆಲ್ಸನು ವೇದಿಕೆಯ ಬಳಿಗೆ ಬಂದು ಕೈಕುಲುಕಿದುದು ಚಲಚ್ಚಿತ್ರದಲ್ಲಿ ಉಳಿದಿದೆ. 1945ರ ಮೊದಲಲ್ಲಿ ಸ್ವಿಟ್ಜರ್ಲೆಂಡಿಗೆ ಪಾರಾಗಿ ಹೋದನು. 1946ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ವಿಚಾರಣೆ ನಡೆದು ದೋಷಮುಕ್ತನಾದನು; 1947ರ ಮೇ 25ರಂದು ಅಲ್ಲಿಯ ವೃಂದಕ್ಕೆ ಮರಳಿದನು. ಯೆಹೂದ್ಯನಾದ ಯೆಹೂದಿ ಮೆನುಹಿನ್ ಆ ವರ್ಷ ಈತನೊಡನೆ ಪಿಟೀಲು ನುಡಿಸಿದನು. ಆದರೂ ಎಲ್ಲರೂ ಒಪ್ಪಲಿಲ್ಲ; ಷಿಕಾಗೋ ನಗರಕ್ಕೆ ಬಂದಿದ್ದ ಆಹ್ವಾನವು ಅಲ್ಲಿಗೆ ಬರುವ ಕಲಾವಿದರ ಪ್ರತಿಭಟನೆಯಿಂದ ಮುರಿದುಬಿತ್ತು.

ಇನ್ನು ಮೈಸೂರಿನ ಸಂಬಂಧ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಆಟೋ ಸ್ಮಿತ್ ಎಂಬ ಜರ್ಮನಿಯವನು ನಾಯಕನಾಗಿದ್ದನು. ಆ ಅರಮನೆಯಲ್ಲಿ ಬೆಳೆದ ಜಯಚಾಮರಾಜ ಒಡೆಯರು ಪಿಯಾನೋ ಅಭ್ಯಾಸ ಮಾಡಿದವರು. ಮುಂದೆ ಶ್ರೀವಿದ್ಯಾ ಎಂಬ ಅಂಕಿತವಿಟ್ಟು ಕರ್ಣಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು. ಲಂಡನ್ನಿನ ಫಿಲ್‌ಹಾರ್ಮೋನಿಯ ವೃಂದಕ್ಕೆ ಅವರು ಧನಸಹಾಯ ಮಾಡಿದರು. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ 1948ರಲ್ಲಿ ನಾಲ್ಕು ಗೀತೆಗಳನ್ನು ಬರೆದು, ಅವುಗಳನ್ನು ಕೇಳದೆಯೇ 1949ರಲ್ಲಿ ತೀರಿಕೊಂಡನು. ಅವುಗಳ ಮೊದಲ ಪ್ರಯೋಗಕ್ಕೆ ಮಹಾರಾಜರು 4,800 ಡಾಲರುಗಳ ಭರವಸೆ ಕೊಟ್ಟರು. ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಅವರ ಅಪೇಕ್ಷೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಭವನದಲ್ಲಿ ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದಳು; ಫುರ್ಟ್‌ವೆಂಗ್ಲರ್ ವೃಂದವನ್ನು ನಡೆಸಿದನು. ಧ್ವನಿಯು ಸವೆದಿದ್ದರೂ ಆ ಸಂಜೆಯ ಮುದ್ರಿಕೆ ಉಳಿದುಬಂದಿದೆ.

ಆ ರಚನಕಾರನು ಹಿಟ್ಲರನ ಕಾಲದ ಸಂಗೀತ ಮಂಡಲಿಗೆ ಮೊದಲ ಅಧ್ಯಕ್ಷನಾಗಿದ್ದವನು. ಈ ನಾಯಕನು ಅದೇ ಮಂಡಲಿಯ ಉಪಾಧ್ಯಕ್ಷನಾಗಿದ್ದವನು. ಯುದ್ಧಕಾಲದ ನಡತೆಗಾಗಿ ಗಾಯಕಿಯೂ ಆಕ್ಷೇಪಣೆಗೆ ಗುರಿಯಾದವಳೇ. ಹೀಗೆ ಕಳಂಕದ ಮಾತು ಹೊತ್ತ ಮೂವರು ಸೇರಿ, ಸಾವನ್ನು ಶಾಂತವಾಗಿ ಎದುರುಗೊಳ್ಳುವ ಆ ಗೀತೆಗಳನ್ನು ಲೋಕಕ್ಕಿತ್ತರು. ಫುರ್ಟ್‌ವೆಂಗ್ಲರನು 1954ರ ನವೆಂಬರ್ 30ರಂದು ಗತಿಸಿದನು.

ಆತನ ನಂಬಿಕೆಯೆಂದರೆ, ಪ್ರಭುತ್ವವು ಎಷ್ಟೇ ಕೆಟ್ಟರೂ ಸಂಗೀತವು ಕೆಡದೆ ಉಳಿಯಬಲ್ಲುದೆಂಬುದು. ಸಂಗೀತವೇನೋ ಉಳಿಯಿತು; ಇಂದಿಗೂ ನಮ್ಮ ಮನಸ್ಸನ್ನು ಕರಗಿಸುತ್ತದೆ. ಆದರೆ ಅದೇ ಸಂಗೀತವು ಆ ಪ್ರಭುತ್ವಕ್ಕೆ ಮರ್ಯಾದೆಯನ್ನೂ ತಂದುಕೊಟ್ಟಿತು. ಒಂದನ್ನು ನೆನೆದು ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ. ರಾಜಾಶ್ರಯದಲ್ಲಿಯೇ ಬೆಳೆದ ಕಲೆಯನ್ನು ಪಡೆದಿರುವ ನಮಗೆ ಈ ಪ್ರಶ್ನೆ ಪರದೇಶದ್ದೆಂದು ತೋರಬೇಕಾಗಿಲ್ಲ. ವೃಂದನಾಯಕನ ಕೈ ತಾನೇ ಯಾವ ಸ್ವರವನ್ನೂ ನುಡಿಸುವುದಿಲ್ಲ. ಆದರೂ ಅಲ್ಲಿ ನುಡಿದುದೆಲ್ಲಕ್ಕೂ ಹೊಣೆ ಆ ಕೈಯದೇ.