ಗೆರೆ ಕದಲಿತ್ತು, ಊರಲ್ಲ

ಕನ್ನಡ ಎಂ.ಎ.ಗೆ ಅರ್ಜಿ ಹಾಕಿ ಕಾಯುವ ಕಾಸರಗೋಡಿನ ವಿದ್ಯಾರ್ಥಿಯ ನಿರೀಕ್ಷೆಗೂ ಒಂದು ಚರಿತ್ರೆಯಿದೆ.

1956ರ ನವೆಂಬರ್ 1ರವರೆಗೆ ಕಾಸರಗೋಡೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು. ಇಬ್ಬರ ಪದವಿಗೂ ಮದರಾಸು ವಿಶ್ವವಿದ್ಯಾನಿಲಯದ ಮುದ್ರೆಯೇ. ಕೇರಳಕ್ಕೆ ಸೇರಿದ ಬಳಿಕ, 1957ರಲ್ಲಿ, ಕಾಸರಗೋಡಿಗೆ ಸರಕಾರಿ ಕಾಲೇಜು ಬಂದಿತು. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಂಗಳೂರಿನಲ್ಲಿ ತೆರೆಯಿತು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಹೀಗೆ ಎಂ.ಎ. ಬಸ್ಸಿನ ದೂರಕ್ಕೆ ಬಂದಿತಾದರೂ, ನಡುವೆ ರಾಜ್ಯದ ಗಡಿ ಉಳಿಯಿತು.

1981ರಲ್ಲಿ ನಾನು ಅರ್ಜಿ ಹಾಕಿದೆ. ನನ್ನ ಪದವಿ ಕಲ್ಲಿಕೋಟೆಯದು. ಅರ್ಹತಾ ಪ್ರಮಾಣಪತ್ರ ಬೇಕಾಯಿತು. ಕಚೇರಿಯೊಂದರಲ್ಲಿ ಗುಮಾಸ್ತರು, "ನೀವು ಹೊರರಾಜ್ಯದವರಲ್ಲವೇ?" ಎಂದರು. ನನ್ನ ಅಜ್ಜ ಮನೆ ಬದಲಿಸಿದವರಲ್ಲ. ಕದಲಿದ್ದು ಗೆರೆ ಮಾತ್ರ. ಸಹಪಾಠಿಗಳಿಗೆ ಪ್ರವೇಶಪತ್ರ ಬಂದು ಮೂರು ವಾರಗಳಾದ ಮೇಲೆ ನನ್ನದು ಬಂದಿತು. ನನ್ನೊಡನೆ ಅರ್ಜಿ ಹಾಕಿದ್ದ ಗೆಳೆಯನೊಬ್ಬ ಅಷ್ಟು ದಿನ ಕಾಯಲಾರದೆ ಮುಂಬಯಿಯ ಬಸ್ಸು ಹತ್ತಿದ್ದ.

ಆ ಮೂರು ವಾರಗಳನ್ನು ಸಣ್ಣದೆನ್ನಬೇಡಿ. ಅಂದು ಗಡಿಯ ಶಾಲೆಗಳಿಗೆ ಒಬ್ಬ ಕನ್ನಡ ಅಧ್ಯಾಪಕ ದೊರೆತ, ಇನ್ನೊಬ್ಬ ತಪ್ಪಿಹೋದ. ನಿಮ್ಮ ಮನೆಯಲ್ಲಿ ಈಗ ಅರ್ಜಿ ಹಾಕಿದವರಿದ್ದರೆ, ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ಕಾಯುವ ಮಗುವಿನೊಡನೆ ನೀವೂ ಕಾಯಿರಿ.